ಭವಿಷ್ಯ ಕೇಳಾಕ ಹೋದವರು

ಭವಿಷ್ಯ ಹೇಳುವವರನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅವರೇ ಬಂದು ನನ್ನ ಬಾಜೂಕ್ಕೆ ಕೂಡುತ್ತಿದ್ದರು, ಹಾಗಾಗಿ ಸಂತೆಗೊಂದರಂತೆ ಇಂಥದ್ದೇನಾದರೂ ನನ್ನ ಕಣ್ಣ ಮುಂದೆ ನಡೆದೇ ನಡೆಯುತ್ತಿತ್ತು.

ನನ್ನದು ಸಿಂಪಿಗತನ. ಗೋಕಾಕದ ಪೇಟೆಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಹೊಲಿಗೆ ಮಷೀನು. ಸಂತೆಯ ದಿನ ಮೂಡಲಗಿ, ಹುಕ್ಕೇರಿಗೆ ಆ ಮಷೀನನ್ನೇ ಒಯ್ಯುತ್ತಿದ್ದೆ. ಮೊದಮೊದಲು ಚಕ್ಕಡಿಯಲ್ಲಿ, ಸರ್ವಿಸ್ ಮೋಟಾರು ಸುರುವಾದ ಮೇಲೆ ಅದರ ಟಪ್ಪಿನ ಮೇಲೆ ಹಗ್ಗ ಬಿಗಿದು. ಗಿರಾಕಿ ಕೂತು ನಾಲ್ಕು ಮಾತಾಡುವಂಥ ಕಸುಬಿಗೆ ನೆರಳು ಬೇಕು. ಸಂತೆಯಲ್ಲಿ ನೆರಳೆಂದರೆ ಒಂದೆರಡು ಬೇವಿನ ಗಿಡ. ಕ್ಷೌರದವರು ಒಂದು ಗಿಡ ಹಿಡಿದರೆ ಉಳಿದ ಗಿಡದ ಕೆಳಗೆ ನಾನು ಮತ್ತು ಹಣೆಬರಹ ಹೇಳುವವರು. ಕೈ ನೋಡುವವರು, ಗಿಣಿಯವರು, ಕವಡೆ ಹಾಕುವವರು, ಅಂಜನದವರು, ಮೈಮೇಲೆ ದೇವರು ಬರುವವರು, ಎಲ್ಲರ ಮಾತೂ ನನ್ನ ಕಿವಿಗೆ ಬೀಳುತ್ತಿತ್ತು. ಮಷೀನು ತುಳಿಯುವುದನ್ನು ಸ್ವಲ್ಪ ನಿಲ್ಲಿಸಿದರೆ ಸಾಕು, ಎಲ್ಲ ನೆಟ್ಟಗೆ ಕೇಳಿಸುತ್ತಿತ್ತು.

ಅದಕ್ಕೇ ಜನ ನನ್ನನ್ನು ಕೇಳುತ್ತಾರೆ: "ಕಾಕಾ, ಅಲ್ಲೆ ಯಾರೋ ಭಾಳ ಛಲೋ ಹೇಳತಾರಂತ. ಹೋಗಿ ಕೇಳಿದ್ರ ಏನರ ಫಾಯದೆ ಐತೇನ್ರಿ?"

ನಾನು ಹೋಗು ಅನ್ನುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ನೀರಿನ ಗಂಡಾಂತರ

ಗೋಕಾಕದಲ್ಲಿ ನನ್ನ ಕಟ್ಟೆಯ ಬಲಕ್ಕೆ ಕೈ ನೋಡುವ ಶಾಸ್ತ್ರಿಗಳು ಕೂಡುತ್ತಿದ್ದರು. ದೊಡ್ಡ ಭೂತಗನ್ನಡಿ, ಸಣ್ಣ ಧ್ವನಿ. ಒಂದು ದಿನ ಗೋಕಾಕ ಫಾಲ್ಸಿನಿಂದ ಅರಳೆ ಗಿರಣಿಯ ಕೆಲಸದವನೊಬ್ಬ ಬಂದ. ಶಾಸ್ತ್ರಿಗಳು ಅವನ ಅಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿ, ನಿಟ್ಟುಸಿರು ಬಿಟ್ಟು, "ತಮ್ಮಾ, ನಿನಗ ನೀರಿನಿಂದ ಗಂಡಾಂತರ ಐತಿ. ಯುಗಾದಿ ತನಕ ನೀರಿನ ಹಂತ್ಯಾಕ ಹೋಗಬ್ಯಾಡ" ಅಂದರು.

ಅವನ ಮಾರಿ ಸಣ್ಣದಾಯಿತು. ಪಾಪ, ಮಳೆಗಾಲದಲ್ಲಿ ಅವನ ಮನೆಯ ಬಾಗಿಲಿಗೆ ಧಬಧಬಿಯ, ಅಂದರೆ ಆ ಜಲಪಾತದ, ತುಂತುರು ಸಿಡಿಯುತ್ತಿತ್ತು. ನೀರಿನ ಹತ್ತಿರ ಹೋಗಬೇಡ ಎಂದರೆ ಮನೆಗೇ ಹೋಗಬೇಡ ಎಂದಂತೆ.

ಮೊದಲು ಹೊಳೆಯ ಮೇಲಿನ ತೂಗುಸೇತುವೆ ದಾಟುವುದನ್ನು ಬಿಟ್ಟ. ಆಮೇಲೆ ಮೈ ತೊಳೆಯುವುದನ್ನು ಬಿಟ್ಟ. ಆಮೇಲೆ ಮಾರಿ ತೊಳೆಯುವುದನ್ನೂ ಬಿಟ್ಟ. ಗಿರಣಿಯಲ್ಲಿ ಇಡೀ ದಿನ ಅರಳೆಯ ಎಳೆ ಹಾರುತ್ತಿರುತ್ತದೆ. ಬೆವರಿಗೆ ಅದು ಅಂಟಿ, ಅದರ ಮೇಲೆ ಎಣ್ಣೆ ಅಂಟಿ, ಸ್ವಲ್ಪ ದಿನದಲ್ಲಿ ಮನುಷ್ಯ ಹರಿದ ಗಾದಿಯ ಹಾಗೆ ಕಾಣತೊಡಗಿದ. ಬಾಜೂಕಿನ ಮಗ್ಗದವರು ಮುಕಾದಮನ ಕೈಕಾಲು ಹಿಡಿದು ಬೇರೆ ಮಗ್ಗಕ್ಕೆ ಹೋದರು. ಹೆಂಡತಿಗೆ ಮಾತ್ರ ಬೇರೆ ಎಲ್ಲಿಗೂ ಹೋಗಲು ಬರುವಂತಿರಲಿಲ್ಲ.

ಒಂದು ಮುಂಜಾನೆ ಆಕೆ ಗಂಡನ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು.

"ನೀವೇನ್ರಿ ಕೈ ನೋಡವ್ರು?"

"ಹೌದವ್ವಾ. ಕೂಡು, ಎಡಗೈ ಮುಂದ ಮಾಡು."

"ನನ್ನ ಕೈ ಇರಲಿ. ನಿಮ್ಮ ಮಾತು ಖರೆ ಆಗೂ ಹೊತ್ತು ಬಂದೈತಿ, ಅದನ್ನ ಹೇಳಾಕ ಬಂದೇನಿ. ಇವತ್ತ ಸಂಜಿಕ ಈ ಮನಶ್ಯಾನ್ನ ನಾನ ಎತ್ತಿ ಧಬಧಬಿಗೆ ಒಗೀತೇನಿ."

ಶಾಸ್ತ್ರಿಗಳು ಗಾಬರಿಯಾಗಿ, "ತಡಿ ತಡಿ, ಇನ್ನೊಮ್ಮೆ ನೋಡೂಣಂತ" ಎಂದು ಅವನ ಕೈಯನ್ನು ಎಳೆದುಕೊಂಡರು. ಭೂತಗನ್ನಡಿ ಹತ್ತಿರ ಹಿಡಿದರು, ದೂರ ಹಿಡಿದರು. ಕಡೆಗೆ ಅಂದರು: "ಒಂದೂ ಗೆರೆ ಕಾಣವಲ್ದಲ್ಲೋ! ಮೊದಲ ಕೈ ತೊಳಕೊಂಡು ಬಾ."

"ನೀರು ಮುಟ್ಟಬ್ಯಾಡ ಅಂತ ನೀವ ಹೇಳೀರಲ್ರಿ!"

ಶಾಸ್ತ್ರಿಗಳು ಆ ಹೆಂಗಸಿನ ಮಾರಿ ನೋಡಿದರು, ಮತ್ತೆ ಕೈ ನೋಡಿದರು. ಗೆರೆ ಕಂಡವೋ ಇಲ್ಲವೋ, ಬುದ್ಧಿ ಮಾತ್ರ ಬಂತು. "ಹಾಂ, ಈಗ ತಿಳೀತು. ಗಂಡಾಂತರ ಇರೂದು ತಣ್ಣೀರಿನ್ಯಾಗ. ಬಿಸಿನೀರಿಗೆ ಏನೂ ಬಾಧೆ ಇಲ್ಲ."

ಆಕೆ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, "ಬಿಸಿನೀರು ಅಂದದ್ದು ಛಲೋ ಆತ್ರಿ. ಎಷ್ಟ ಬಿಸಿ ಅನ್ನೂದನ್ನ ನಾ ನೋಡಕೋತೇನಿ" ಅಂದಳು.

ಹಾರಿಹೋದ ಗಿಣಿ

ಅದೇ ಕಟ್ಟೆಯ ಎಡಕ್ಕೆ ಗಿಣಿಶಾಸ್ತ್ರದವನು. ಅವನಿಗೂ ಶಾಸ್ತ್ರಿಗಳಿಗೂ ಮಾತಿರಲಿಲ್ಲ. "ಪಕ್ಷಿ ಆರಿಸಿದ ಚೀಟಿನ್ಯಾಗ ಏನ ಭವಿಷ್ಯ ಇರತೈತಿ" ಎಂದು ಶಾಸ್ತ್ರಿಗಳು, "ಕೈ ಮ್ಯಾಲಿನ ಗೆರಿ ಕುಡಗೋಲು ಹಿಡಿದ್ರೂ ಮೂಡತಾವು" ಎಂದು ಅವನು. ಇಬ್ಬರೂ ನನ್ನ ಕಡೆ ನೋಡಿಕೊಂಡು ಹೇಳುತ್ತಿದ್ದರು. ನಡುವೆ ನಾನು ಎರಡೂ ಕಡೆ ಹೂಂಗುಟ್ಟುತ್ತ ತುಳಿಯುತ್ತಿದ್ದೆ.

ಒಬ್ಬ ಒಕ್ಕಲಿಗ ಮಗಳ ಲಗ್ನದ ಬಗ್ಗೆ ಕೇಳಲು ಬಂದ. ಸಂಕೇಶ್ವರದ ಕಡೆಯ ಒಂದು ಮನೆತನ ಬಂದಿದೆ, ಕೊಡಬೇಕೋ ಬಿಡಬೇಕೋ ಎಂದು ಅವನ ಚಿಂತೆ. ಗಿಣಿಯವನು ಪಂಜರದ ಬಾಗಿಲು ತೆಗೆದ. ಗಿಣಿ ಹೊರಗೆ ಬಂತು. ಗಂಭೀರವಾಗಿ ನಡೆದು ಒಂದು ಚೀಟಿ ಎಳೆಯಿತು. ದಿನಾ ಹಾಗೆ ಎಳೆದು ಒಂದು ಕಾಳು ತಿಂದು ಒಳಗೆ ಹೋಗುತ್ತಿದ್ದ ಗಿಣಿ ಅವತ್ತು ಚೀಟಿಯನ್ನು ಒಕ್ಕಲಿಗನ ತೊಡೆಯ ಮೇಲೆ ಹಾಕಿ, ರೆಕ್ಕೆ ಬಡಿದು, ನನ್ನ ಮಷೀನಿನ ಮೇಲಿಂದ ಹಾರಿ, ಎದುರಿನ ಅಡತಿ ಅಂಗಡಿಯ ತಗಡು ದಾಟಿ ಹೋಗೇಬಿಟ್ಟಿತು.

ಒಕ್ಕಲಿಗ ಬಾಯಿ ತೆರೆದು ಆಕಾಶ ನೋಡಿ, "ಹಿಂಗಂದ್ರ ಏನ್ರಿ? ಮಗಳನ್ನ ಆ ಮನಿಗೆ ಕೊಡಬ್ಯಾಡ ಅಂತೇನು?" ಅಂದ.

"ನಿನ್ನ ಮಗಳ ಸುದ್ದಿ ಅತ್ತಾಗಿರಲಿ, ನನ್ನ ಮಗಳ ಹಾರಿ ಹೋದ್ಲಲ್ಲೋ!" ಎಂದು ಗಿಣಿಯವನು ತಲೆಯ ಮೇಲೆ ಕೈ ಹೊತ್ತ. ಓಣಿ ಓಣಿ ಸುತ್ತಿದ. ಶಿಳ್ಳೆ ಹಾಕಿದ. ಪೇರಲ ಹಣ್ಣು ಹಿಡಿದು ಮಾಳಿಗೆ ಹತ್ತಿದ. ಎಲ್ಲಿಯೂ ಇಲ್ಲ. ಕಡೆಗೆ ಮಾನ ಬಿಟ್ಟು ಶಾಸ್ತ್ರಿಗಳ ಮುಂದೆ ಬಂದು ಕೂತು ಕೈ ಚಾಚಿದ.

"ಶಾಸ್ತ್ರಿಗಳ, ಸಿಟ್ಟು ಬಿಡ್ರಿ. ನನ್ನ ಗಿಣಿ ಎಲ್ಲಿ ಹೋಗೈತಿ, ಹೇಳ್ರಿ."

ಶಾಸ್ತ್ರಿಗಳು ಭೂತಗನ್ನಡಿಯನ್ನು ಧೋತರದ ಚುಂಗಿನಿಂದ ಸಾವಕಾಶ ಒರೆಸಿದರು. "ನಿನ್ನ ಕೈ ನೋಡಿದ್ರ ನೀ ಎಲ್ಲಿಗೆ ಹೋಗತಿ ಅನ್ನೂದನ್ನ ಹೇಳಬಹುದಪಾ. ಗಿಣಿ ಎಲ್ಲಿ ಹೋತು ಅಂತ ಹೇಳಬೇಕಂದ್ರ ಅದರ ಕೈ ಬೇಕಲ್ಲ. ಹೋಗಿ ಕರಕೊಂಡು ಬಾ."

ಕರೇ ಬಣ್ಣ, ತೆಳ್ಳನ ಮೈ

ಇದು ಹುಕ್ಕೇರಿಯದು. ಒಬ್ಬ ಪಾಟೀಲರ ಮನೆಯಲ್ಲಿ ಮಗಳ ಲಗ್ನ. ಅಂಥ ಮನೆಯವರು ಬಟ್ಟೆಯನ್ನು ಅಂಗಡಿಗೆ ಕಳಿಸುತ್ತಿರಲಿಲ್ಲ, ಸಿಂಪಿಗನನ್ನೇ ಮಷೀನಿನ ಜೊತೆ ಕರೆಸುತ್ತಿದ್ದರು. ನಾನು ಅವರ ಪಡಸಾಲೆಯಲ್ಲಿ ಕೂತು ಕುಬಸ ಹೊಲಿಯುತ್ತಿದ್ದಾಗ ಒಳಗೆ ಗದ್ದಲ ಎದ್ದಿತು. ಪಾಟೀಲರ ಹೆಂಡತಿಯ ಮುತ್ತಿನ ನತ್ತು ಕಳೆದಿತ್ತು.

ಹಾಸಿಗೆ ಝಾಡಿಸಿದರು, ಕಾಳು ತುಂಬುವ ಹಗೇವಿನ ಬಾಯಿಯವರೆಗೂ ಹುಡುಕಿದರು. ಎಲ್ಲರಿಗಿಂತ ಜಾಸ್ತಿ ಒದರಾಡಿದವರು ಪಾಟೀಲರೇ. "ನನ್ನ ಮನ್ಯಾಗ ಕಳವು! ಕರಸ್ರಿ ಅಂಜನದವನ್ನ!"

ಅಂಜನದವನು ಬಂದ. ವೀಳ್ಯದೆಲೆಗೆ ಕಾಡಿಗೆಯಂಥದ್ದನ್ನು ಸವರಿ, ದೀಪದ ಎದುರು ಹಿಡಿದು, ಕಣ್ಣು ಪಿಳುಕಿಸದೆ ನೋಡುತ್ತ ಕೂತ. ಮನೆಯವರೆಲ್ಲ ಸುತ್ತಲೂ ಉಸಿರು ಹಿಡಿದು ನಿಂತರು. ನಾನೂ ದಾರ ಕಚ್ಚಿಕೊಂಡು ಹಾಗೇ ಕೂತೆ.

"ಕಾಣಾಕತ್ತು..." ಎಂದ. "ಕರೇ ಬಣ್ಣ. ತೆಳ್ಳನ ಮೈ. ಎರಡೂ ತೋಳು ಇಳಿಬಿಟ್ಟು ಗ್ವಾಡಿಗೆ ಹತ್ತಿ ನಿಂತೈತಿ. ಮಾರಿ ಮಾತ್ರ ಕಾಣವಲ್ದು."

ಎಲ್ಲರ ಕಣ್ಣೂ ಒಟ್ಟಿಗೆ ಒಂದೇ ಕಡೆ ತಿರುಗಿದವು. ಗೋಡೆಗೆ ಹತ್ತಿ, ಎರಡೂ ಕೈ ಇಳಿಬಿಟ್ಟು, ರೊಟ್ಟಿ ಬಡಿಯುವ ಮುದುಕಿ ನಿಂತಿದ್ದಳು. ಕಪ್ಪು ಮೈ, ಒಣಕಲು ದೇಹ. ಪಾಟೀಲರ ಮಕ್ಕಳನ್ನು ಎತ್ತಿ ಆಡಿಸಿದವಳು. ಆಕೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಅದನ್ನು ಕಂಡು, ಇದ್ದ ಅನುಮಾನವೂ ಗಟ್ಟಿಯಾಯಿತು.

ಯಾರೂ ಬೈಯಲಿಲ್ಲ. ಪಾಟೀಲರ ಹೆಂಡತಿ ಬೇರೆ ಕಡೆ ನೋಡುತ್ತ, "ಇವತ್ತ ಒಲಿ ಹಂತ್ಯಾಕ ಹೋಗಬ್ಯಾಡ" ಅಂದರು, ಅಷ್ಟೇ. ಮುದುಕಿ ಹೊರಗೆ ಜಗಲಿಯ ಮೇಲೆ ಹೋಗಿ ಕೂತಳು. ಅವತ್ತು ಸೊಸೆಯಂದಿರು ರೊಟ್ಟಿ ಬಡಿದರು. ಒಂದೊಂದು ರೊಟ್ಟಿ ಒಂದೊಂದು ದಿಕ್ಕಿಗೆ ಹರಿದಿತ್ತು. ಯಾರ ಗಂಟಲಿನಲ್ಲೂ ಇಳಿಯಲಿಲ್ಲ, ನನ್ನದರಲ್ಲೂ ಇಲ್ಲ.

ಮರುದಿನ ಪಾಟೀಲರು ಕಚೇರಿಗೆ ಹೊರಟರು. ಗೂಟಕ್ಕೆ ತೂಗುಹಾಕಿದ್ದ ಕರಿಯ ಕೋಟನ್ನು ತೆಗೆದು ನನ್ನ ಮುಂದೆ ಹಾಕಿ, "ಇದರ ಕಿಸೆ ತೂತ ಬಿದ್ದೈತಿ, ಎರಡ ಹೊಲಗಿ ಹಾಕಿ ಕೊಡು" ಅಂದರು. ಕಿಸೆಯಲ್ಲಿ ಕೈ ಹಾಕಿದೆ. ತೂತಿನಿಂದ ಬೆರಳು ಅಸ್ತರಿನೊಳಗೆ ಇಳಿಯಿತು. ಕೆಳಗಿನ ಅಂಚಿನಲ್ಲಿ ಏನೋ ಚುಚ್ಚಿತು. ಹೊರಗೆ ತೆಗೆದು ನೋಡಿದರೆ ನತ್ತು.

ಪಾಟೀಲರು ನತ್ತನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಾಳಿಗೆ ನೋಡತೊಡಗಿದರು. ಮಗಳಿಗೂ ಅಂಥದ್ದೇ ಮಾಡಿಸಬೇಕೆಂದು ಅಕ್ಕಸಾಲಿಗನಿಗೆ ತೋರಿಸಲು ತಾವೇ ಒಯ್ದಿದ್ದರಂತೆ. ಅಕ್ಕಸಾಲಿಗ ಊರಲ್ಲಿರಲಿಲ್ಲ. ತಿರುಗಿ ಬಂದು ಕೋಟು ಗೂಟಕ್ಕೆ ಹಾಕಿದರು, ಲಗ್ನದ ಗಡಿಬಿಡಿಯಲ್ಲಿ ಮರೆತರು.

ಪಾಟೀಲರ ಹೆಂಡತಿ ಒಳಗಿನಿಂದ ಬಂದು ನತ್ತನ್ನು ಕಂಡರು. ನೆಟ್ಟಗೆ ಜಗಲಿಗೆ ಹೋಗಿ ಮುದುಕಿಯ ಎರಡೂ ಕೈ ಹಿಡಿದು, "ಏಳವ್ವಾ, ಒಳಗ ಬಾ. ತಪ್ಪಾತು" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮುದುಕಿಯೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಒಳಗೆ ಬಂದು, ಗೋಡೆಯ ಗೂಟ, ನನ್ನ ತೊಡೆಯ ಮೇಲೆ ತೋಳು ಇಳಿಬಿಟ್ಟು ಬಿದ್ದಿದ್ದ ಕರಿಯ ಕೋಟು, ಎರಡನ್ನೂ ಚೆನ್ನಾಗಿ ನೋಡಿದಳು.

"ಹೇಳಿದಾವ ಖರೇನ ಹೇಳ್ಯಾನ್ರಿ, ಅವ್ವಾರ. ಇನ್ನೊಮ್ಮೆ ಅಂಜನ ಹಾಕಿಸಿದ್ರ ಒಂದ ಮಾತು ಮೊದಲ ಕೇಳಿಬಿಡ್ರಿ: ಒಳಗ ಮನಶ್ಯಾರು ಅದಾರೋ, ಬರೇ ಅಂಗಿ ಐತೋ ಅಂತ."

ಎದೆಯ ಮೇಲಿನ ಸೂಜಿ

ಊರವರದೆಲ್ಲ ಹೇಳಿ ಮನೆಯದು ಬಿಟ್ಟರೆ ನನ್ನ ಹೆಂಡತಿ ಒಪ್ಪುವುದಿಲ್ಲ. ಸಂಕೇಶ್ವರದಲ್ಲಿ ಕವಡೆ ಹಾಕಿ ಹೇಳುವ ಒಬ್ಬ ಅಮ್ಮ ಇದ್ದಳು. ಹೋಗಿ ಕೇಳಿ ಬರೋಣ ಎಂದು ನನ್ನಾಕೆ ಹಟ ಹಿಡಿದಳು. ಏನು ಕೇಳುವುದು ಎಂದರೆ, "ಅಲ್ಲಿ ಹ್ವಾದ ಮ್ಯಾಲೆ ಗೊತ್ತಾಕ್ಕೈತಿ" ಅನ್ನುತ್ತಿದ್ದಳು. ಕಡೆಗೆ ಒಂದು ದಿನ ಅರ್ಧ ಹೊಲಿದ ಅಂಗಿಯನ್ನು ಹಾಗೇ ಬಿಟ್ಟು, ಅಂಗಡಿಯ ಹಲಗೆ ಹಾಕಿ ಮೋಟಾರು ಹತ್ತಿದೆ.

ಆ ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕವಡೆ ಚೆಲ್ಲಿದಳು. "ಈತನ ಅನ್ನ ಕಬ್ಬಿಣದಾಗ ಐತಿ. ಕಾಲು ಒಂದ ಕಡೆ ಸುಮ್ನ ನಿಲ್ಲಾಂಗಿಲ್ಲ. ಹರಿದದ್ದನ್ನ ಕೂಡಿಸೂ ಕೈ ಇದು." ನನ್ನಾಕೆ ಭಕ್ತಿಯಿಂದ ತಲೆ ಅಲ್ಲಾಡಿಸಿದಳು.

ಹೊರಗೆ ಬಂದ ಕೂಡಲೇ ಅಂದೆ: "ಎದಿ ಮ್ಯಾಲೆ ಸೂಜಿ ಚುಚ್ಚಿಕೊಂಡು, ಕೊಳ್ಳಾಗ ಅಳತಿ ಪಟ್ಟಿ ಹಾಕ್ಕೊಂಡು ಕುಂತಿದ್ದೆ. ಸಿಂಪಿಗ ಅಂತ ಹೇಳಾಕ ಕವಡಿ ಬೇಕೇನು?"

"ಸೂಜಿ ನನಗೂ ಕಾಣಸ್ತಿತ್ರಿ" ಅಂದಳು.

"ಮತ್ತ ಇಷ್ಟ ದೂರ ಯಾಕ ಕರಕೊಂಡು ಬಂದಿ?"

"ಲಗ್ನ ಆದಾಗಿಂದ ಎಲ್ಲಿಗರ ಹೋಗೂಣು ನಡೀರಿ ಅಂದ್ರ ಒಮ್ಮೆರ ಬಂದೀರೇನು? ಹೊಳಿ ನೋಡೂಣು ಅಂದ್ರ, ಗಿರಾಕಿ ಬರತಾರ ಅಂದ್ರಿ. ತವರಮನಿಗೆ ನಡೀರಿ ಅಂದ್ರ, ದೀಪಾವಳಿ ಹೊಲಗಿ ಅಂದ್ರಿ. ಕೇಳಾಕ ಹೋಗೂಣು ಅಂದೆ, ಅಂಗಡಿ ಮುಚ್ಚಿ ಬಂದ್ರಿ."

ಹಿರಣ್ಯಕೇಶಿ ಹೊಳೆಯ ದಂಡೆಗೆ ಹೋಗಿ, ನೀರಲ್ಲಿ ಕಾಲು ಇಳಿಬಿಟ್ಟು, ಚುರಮುರಿ ತಿನ್ನುತ್ತ ಹೊತ್ತು ಇಳಿಯುವವರೆಗೆ ಕೂತೆವು. ಏನೇನೋ ಮಾತಾಡಿದೆವು. ಆಕೆ ಅಷ್ಟು ಜೋರಾಗಿ ನಗುತ್ತಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅದಾದ ಮೇಲೆ ಆಗಾಗ ನಮ್ಮ ಮನೆಯಲ್ಲಿ ಭವಿಷ್ಯ ಕೇಳಲೇಬೇಕಾದ ಸಂಗತಿ ಏನಾದರೊಂದು ಬರುತ್ತಿತ್ತು. ಹೇಳುವವರು ಮಾತ್ರ ಪ್ರತಿ ಸಲವೂ ಹೊಳೆ ದಂಡೆಯ ಊರಿನವರೇ ಆಗಿರುತ್ತಿದ್ದರು.

ಉಸುಕಿನ ನಾಡಿನಿಂದ ಬಂದವನು

ಎರಡನೇ ಲಡಾಯಿಯ ಕಾಲ. ಅರಿವೆಗೆ ಕಂಟ್ರೋಲು ಬಂದು ನನಗೆ ಹೊಸ ಹೊಲಿಗೆ ಕಡಿಮೆ, ತ್ಯಾಪೆಯೇ ಜಾಸ್ತಿ. ಭವಿಷ್ಯದವರಿಗೆ ಮಾತ್ರ ಸುಗ್ಗಿ. ಪಲ್ಟಣಿಗೆ ಹೋದ ಮಕ್ಕಳ ಕಾಗದ ಬರದಿದ್ದರೆ ಅವ್ವಂದಿರು ಇನ್ನೆಲ್ಲಿಗೆ ಹೋಗಬೇಕು?

ಮೂಡಲಗಿಯ ಸಂತೆಯಲ್ಲಿ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿಕೊಂಡು ಒಬ್ಬ ಅಜ್ಜ ಕೂಡುತ್ತಿದ್ದ. ಮುಂದೆ ಭಂಡಾರದ ಅರಿಶಿನ ಪುಡಿ ತುಂಬಿದ ಬಟ್ಟಲು. ಮೈಮೇಲೆ ದೇವರು ಬಂದರೆ ಅವನ ಧ್ವನಿ ಸಂತೆಯ ಆ ತುದಿಗೂ ಕೇಳಿಸುತ್ತಿತ್ತು. ನಾಗನೂರ ಕಡೆಯ ಅತ್ತೆ-ಸೊಸೆ ಇಬ್ಬರು ಪ್ರತಿ ಸಂತೆಗೂ ಅವನಲ್ಲಿಗೆ ಬರುತ್ತಿದ್ದರು. ಮುದುಕಿಯ ಒಬ್ಬನೇ ಮಗ ಪಲ್ಟಣಿ ಸೇರಿ ಹೋದವನು. ಬಹಳ ದಿನದಿಂದ ಅವನ ಸುದ್ದಿ ಇರಲಿಲ್ಲ. ಅತ್ತೆ ಕೇಳುತ್ತಿದ್ದಳು. ಸೊಸೆ ಹಿಂದೆ ಕೂತು ತೆಂಗಿನಕಾಯಿಯನ್ನು ಎದೆಗೆ ಅವಚಿಕೊಂಡಿರುತ್ತಿದ್ದಳು. ಆಕೆ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಅವತ್ತು ಅವರ ಪಾಳಿ ಬಂದಿತ್ತು, ಅಜ್ಜ ಇನ್ನೂ ಮೈ ಕುಣಿಸುತ್ತಿದ್ದ. ಅಷ್ಟರಲ್ಲಿ ನನ್ನ ಮಷೀನಿನ ಮುಂದೆ ಒಬ್ಬ ಗಡ್ಡದವನು ಬಂದು ನಿಂತ. ಬಿಸಿಲಿಗೆ ಸುಟ್ಟ ಮೈ, ಖಾಕಿ ಅಂಗಿ, ಹೆಗಲ ಮೇಲೆ ಟ್ರಂಕು.

"ಕಾಕಾ, ಇಲ್ಲೆ ದೇವರ ಹೇಳೋರು ಎಲ್ಲಿ ಕೂಡತಾರ?"

"ಅಗೋ ಅಲ್ಲೆ, ಮಂದಿ ನಿಂತಾರಲ್ಲ. ಏನ ಕೇಳಾವದಿ?"

"ನಾ ಏನೂ ಕೇಳಾವಲ್ಲ. ಮನಿಗೆ ಬಂದ್ರ ಕೀಲಿ ಬಿದ್ದೈತಿ. ನೀ ಬದಕಿದಿಯೋ ಇಲ್ಲೋ ಅಂತ ಕೇಳಾಕ ಅವ್ವ, ಹೆಂಡತಿ ಮೂಡಲಗಿಗೆ ಹೋಗ್ಯಾರ ಅಂತ ಬಾಜೂದವರು ಹೇಳಿದ್ರು."

ನಾನು ಕತ್ತರಿ ಕೆಳಗಿಟ್ಟು ಅವನ ಹಿಂದೆಯೇ ಎದ್ದೆ.

ಹಿಂದೆ ನಿಂತವರು ಅವನನ್ನು ಒಳಗೆ ಬಿಡಲಿಲ್ಲ. "ಏ, ಪಾಳಿ ಹಚ್ಚು! ನಾವು ಮುಂಜಾನಿಯಿಂದ ನಿಂತೇವಿ."

"ಅಲ್ರಿ, ಅವರು ನನ್ನ ಸುದ್ದಿನ ಕೇಳಾಕತ್ತಾರು."

"ಎಲ್ಲಾರೂ ತಮ್ಮ ತಮ್ಮ ಸುದ್ದಿನ ಕೇಳಾಕ ಬಂದಾರು. ಹಿಂದ ಸರಿ."

ಅಲ್ಲಿ ಅಜ್ಜನಿಗೆ ಪೂರಾ ದೇವರು ಬಂದಿತ್ತು. "ಎಲ್ಲೆ ಅದಾನ್ರಿ, ಯಪ್ಪಾ, ನನ್ನ ಮಗಾ?" ಎಂದು ಮುದುಕಿ ಕೈಮುಗಿದಳು.

"ದೊಡ್ಡ ನೀರಿನ ಆಚೆ!" ಎಂದು ಅಜ್ಜ ಗರ್ಜಿಸಿದ. "ಉಸುಕಿನ ನಾಡು! ಗಿಡ ಇಲ್ಲ, ನೆರಳಿಲ್ಲ! ಕಾಲಿಗೆ ಬೇಡಿ! ದೊಡ್ಡ ನೀರು ದಾಟಿ ಬರಾಕ ಶನಿ ಬಿಡವಲ್ಲ!"

ಮುದುಕಿ ಎದೆ ಬಡಿದುಕೊಂಡಳು. ಸೊಸೆಯ ಕೈಯಿಂದ ಕಾಯಿ ಜಾರಿ ಉರುಳಿತು. ಗಡ್ಡದವನು ತಡೆಯಲಾರದೆ ಟ್ರಂಕನ್ನು ಯಾರ ಕಾಲ ಮೇಲೋ ಇಟ್ಟು, ಇದ್ದಷ್ಟು ಧ್ವನಿ ತೆಗೆದು ಕೂಗಿದ:

"ಯವ್ವಾ! ನಾ ಇಲ್ಲೇ ಅದೇನಿ! ಇವರು ಬಿಡವಲ್ರು!"

ಮಂದಿ ಸರಿದು ದಾರಿ ಆಯಿತು. ಮುದುಕಿ ಎದ್ದಳು, ಬಿದ್ದಳು, ಮತ್ತೆ ಎದ್ದು ಮಗನ ಗಡ್ಡವನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೊಸೆ ಕೂತಲ್ಲಿಂದ ಏಳಲಿಲ್ಲ. ಸೆರಗನ್ನು ಮಾರಿಗೆ ಒತ್ತಿಕೊಂಡು, ಅಷ್ಟು ದಿನದ್ದನ್ನೆಲ್ಲ ಒಂದೇ ಸಲಕ್ಕೆ ಅತ್ತಳು. ಅವನು ಹೋಗಿ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಉರುಳಿದ ಕಾಯಿಯನ್ನು ಎತ್ತಿ ಕೈಗೆ ಕೊಟ್ಟ. ಸುತ್ತ ನಿಂತವರೆಲ್ಲ ಮೂಗು ಒರೆಸಿಕೊಂಡರು, ಪಾಳಿ ಹಚ್ಚು ಎಂದು ಬೈದವನು ಎಲ್ಲರಿಗಿಂತ ಜೋರಾಗಿ.

ಆಮೇಲೆ ಒಬ್ಬೊಬ್ಬರೇ ಅಜ್ಜನ ಕಡೆ ತಿರುಗಿದರು. ಕಾಲಿಗೆ ಬೇಡಿ, ದೊಡ್ಡ ನೀರಿನ ಆಚೆ ಎಂದವನು ಈಗ ಏನನ್ನುತ್ತಾನೆ? ಅಜ್ಜ ಒಂದೇ ಕಣ್ಣು ತೆರೆದು ಎಲ್ಲ ನೋಡಿದ. ತಿರುಗಿ ಮುಚ್ಚಿದ. ಒಂದು ಮುಷ್ಟಿ ಭಂಡಾರ ತೂರಿದ.

"ನೋಡಿದ್ರ್ಯಾ!" ಎಂದು ಏದುಸಿರು ಬಿಟ್ಟ. "ಅಲ್ಲಿಂದ ಇಲ್ಲಿ ತನಕ ಎಳಕೊಂಡು ಬರೂದ್ರಾಗ ನನ್ನ ರಟ್ಟಿ ಬಿದ್ದು ಹೋದವು!"

"ನಾ ರೈಲಿನ್ಯಾಗ ಬಂದ್ನಿರಿ, ಅಜ್ಜಾ" ಎಂದ ಗಡ್ಡದವನು.

"ಆ ರೈಲು ಎಳದಾವ್ರು ಯಾರು?"

ಮುದುಕಿ ಮಗನ ಬಾಯಿಯ ಮೇಲೆ ಕೈಯಿಟ್ಟು, ಅಜ್ಜನ ಕಾಲಿಗೆ ಅಡ್ಡಬಿದ್ದಳು. ಮಂದಿಯೂ ಬಿದ್ದರು. ಅವತ್ತು ನನ್ನ ಕಾಲು ಮಾತ್ರ ನಿಂತಲ್ಲೇ ನಿಂತಿದ್ದವು, ನಗು ತಡೆಯಲು ಎರಡೂ ಕೈ ಬೇಕಾಗಿದ್ದವು.

ಮುಂದಿನ ಸಂತೆಗೆ ಬೇವಿನ ಗಿಡದ ಕೆಳಗೆ ನನ್ನ ಮಷೀನಿಗೂ ಜಾಗ ಇರಲಿಲ್ಲ. ಸುತ್ತ ಹತ್ತೂರಿನ ಜನ. ಅವರಲ್ಲಿ ಒಬ್ಬ ದಪ್ಪ ಹೆಂಗಸು ಮಂದಿಯನ್ನು ತಳ್ಳಿಕೊಂಡು ಮುಂದೆ ಬಂದು ಅಜ್ಜನ ಎದುರು ಕೂತಳು.

"ಅಜ್ಜಾರ, ದೊಡ್ಡ ನೀರು ದಾಟಿಸಿ ಒಬ್ಬಾಕಿ ಗಂಡನ್ನ ಕರಕೊಂಡು ಬಂದ್ರಿ ಅಂತ ಕೇಳಿದೆ. ಖರೇ ಏನ್ರಿ?"

"ಖರೇನ ಮಗಳ. ಹೆದರಬ್ಯಾಡ. ನಿನ್ನ ಗಂಡ ಎಲ್ಲಿ ಹೋಗ್ಯಾನ?"

"ಎಲ್ಲೂ ಹೋಗವಲ್ಲರಿ, ಅದ ಚಿಂತಿ ಹತ್ತೈತಿ. ಹೊತ್ತೇರಿದಾಗಿಂದ ಒಲಿ ಮುಂದ ಕುಂತು, ಪಲ್ಯಾಕ ಉಪ್ಪಿಲ್ಲ, ರೊಟ್ಟಿ ದಪ್ಪ ಆತು ಅಂತಾನ. ಹೆಂಗೂ ದಾರಿ ಹಸನ ಮಾಡೀರಿ. ಇವನ್ನ ಒಂದಿಷ್ಟ ದಿನ ಆ ಉಸುಕಿನ ನಾಡಿಗೆ ಕಳಸಾಕ ಬರತೈತೇನ್ರಿ?"

ಮೈಮೇಲೆ ಬಂದ ದೇವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.